ಕೀಮೋ ನಡುವೆ ಅಳು, ನಿದ್ದೆಗೇಡು, ದಾರಿಯಲ್ಲೇ ಓಕರಿಕೆ: ಯಾವುದು ಮಾತ್ರೆಯದ್ದು, ಯಾವುದು ಮನಸ್ಸಿನದ್ದು?

ಹೇಮಾವತಿತೀರ (ಪ್ರಶ್ನೆ)

ನಮ್ಮ ಅತ್ತೆಗೆ 57 ವರ್ಷ. ಎಡಸ್ತನದ ಕ್ಯಾನ್ಸರ್, ಎರಡನೇ ಹಂತ, ಆಪರೇಷನ್ ಮುಗಿದಿದೆ. ರಿಪೋರ್ಟ್‌ನಲ್ಲಿ ಹಾರ್ಮೋನ್ ಪಾಸಿಟಿವ್ ಅಂತ ಇದೆ, ಅಂದರೆ ಹಾರ್ಮೋನಿನ ಬಲದಲ್ಲಿ ಬೆಳೆಯೋ ಗಡ್ಡೆ. ಈಗ ಬೆಂಗಳೂರಲ್ಲಿ 21 ದಿನಕ್ಕೊಮ್ಮೆ ಕೀಮೋ, ಕೆಂಪು ಔಷಧಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್. ನಾಲ್ಕರಲ್ಲಿ ಎರಡು ಆಗಿದೆ. ಆಮೇಲೆ ವಾರಕ್ಕೊಂದರಂತೆ 12 ಪ್ಯಾಕ್ಲಿಟ್ಯಾಕ್ಸೆಲ್ ಬರೆದಿದ್ದಾರೆ.

ಕೀಮೋ ಆದ ದಿನ ಮತ್ತು ಮರುದಿನ ರಾತ್ರಿ ಕಣ್ಣೇ ಮುಚ್ಚಲ್ಲ, ಮಾತು ಜಾಸ್ತಿ. ಐದನೇ ದಿನದ ಹೊತ್ತಿಗೆ ಗೋಡೆ ಕಡೆ ತಿರುಗಿ ಮಲಗಿ ಅಳ್ತಾರೆ. ಎರಡನೇ ಸಲ ಆಟೋ ಆಸ್ಪತ್ರೆ ರಸ್ತೆಗೆ ತಿರುಗಿದ್ದೇ ಓಕರಿಕೆ ಶುರು, ಇನ್ನೂ ಸೂಜಿ ಕೂಡ ಚುಚ್ಚಿರಲಿಲ್ಲ. ರಾತ್ರಿ ಕೊಡೋ ಓಲಾಂಜಪೈನ್ ಮಾತ್ರೆಯನ್ನ ಮೈದುನ ಮೊಬೈಲಲ್ಲಿ ಹುಡುಕಿ "ಇದು ತಲೆ ಕೆಟ್ಟವರಿಗೆ ಕೊಡೋದು" ಅಂದ. ಅಲ್ಲಿಂದ ಅವರು ಅದನ್ನ ಮುಟ್ಟುತ್ತಿಲ್ಲ. ಮನೇಲಿ ಅವರೆದುರು ಯಾರೂ ಕ್ಯಾನ್ಸರ್ ಅನ್ನಲ್ಲ. "ಗಂಟು ತೆಗೆದಿದ್ದಾರೆ, ಮತ್ತೆ ಬರದಿರಲಿ ಅಂತ ಇಂಜೆಕ್ಷನ್" ಅಂತಷ್ಟೇ ಹೇಳಿದೆ. ಕೌನ್ಸೆಲಿಂಗ್ ಬೇಕಾಗುತ್ತಾ? ಬೇಕಿದ್ದರೆ ಹಾಸನದ ಕಡೆ ಯಾರನ್ನ ಕೇಳೋದು?

ಡೇಕೇರ್ ಸಿಸ್ಟರ್

ಮೊದಲು ಒಂದು ನೋಟ್‌ಬುಕ್ ಮಾಡಿ. ಕೀಮೋ ಹಾಕಿದ ದಿನವನ್ನ 1 ಅಂತ ಹಿಡಿದು 21ರ ತನಕ ಗೀಟು ಹಾಕಿ. ಜ್ವರ ಎಷ್ಟು, ನಿದ್ದೆ ಎಷ್ಟು ಗಂಟೆ, ಊಟ ಎಷ್ಟು ಸೇರಿತು, ಮಲವಿಸರ್ಜನೆ ಆಯಿತೇ, ಮನಸ್ಸಿನ ಭಾರ 0ರಿಂದ 10ರಲ್ಲಿ ಎಷ್ಟು. ಐದೇ ಕಲಂ ಸಾಕು, ಜಾಸ್ತಿ ಮಾಡಿದರೆ ನಾಲ್ಕನೇ ದಿನಕ್ಕೆ ಯಾರೂ ಬರೆಯಲ್ಲ. ಕೊನೆಯ ಅಂಕಿ ಅವರ ಬಾಯಿಂದಲೇ ಬರಲಿ. ಎರಡು ಸುತ್ತು ಬರೆದರೆ ಯಾವ ತೊಂದರೆ ಔಷಧಿಯ ಲೆಕ್ಕಕ್ಕೆ ಬಂದು ಹೋಗುತ್ತೆ, ಯಾವುದು ದಿನದ ಹಂಗಿಲ್ಲದೆ ಕೂತೇ ಇರುತ್ತೆ ಅಂತ ಗೊತ್ತಾಗುತ್ತೆ. ಎರಡಕ್ಕೂ ಮದ್ದು ಬೇರೆ ಬೇರೆ.

ನೀವು ಹೇಳಿದ್ದರಲ್ಲಿ ಅರ್ಧ ಡೆಕ್ಸಾಮೆಥಸೋನ್ ಕೆಲಸ ಇರೋ ಹಾಗಿದೆ. ವಾಂತಿ ತಡೆಯೋಕೆ ಕೀಮೋ ದಿನ ಡ್ರಿಪ್‌ನಲ್ಲೂ, ಆಮೇಲೆ ಎರಡು ಮೂರು ದಿನ ಮಾತ್ರೆಯಾಗಿಯೂ ಕೊಡುವ ಸ್ಟೆರಾಯ್ಡ್ ಅದು. ಮೈಯಲ್ಲಿ ಇರೋ ತನಕ ನಿದ್ದೆ ಕೆಡುತ್ತೆ, ಮಾತು ಹೆಚ್ಚುತ್ತೆ, ಸಕ್ಕರೆ ಏರುತ್ತೆ. ನಿಂತ ಮೇಲೆ ಒಂದೆರಡು ದಿನ ಮೈ ಮನಸ್ಸು ಎರಡೂ ದೊಪ್ಪನೆ ಕುಸಿಯುತ್ತೆ. ನಿಮ್ಮ ಐದನೇ ದಿನದ ಅಳು ಅದಕ್ಕೆ ಸರಿಯಾಗಿ ಕೂರುತ್ತೆ. ಚೀಟಿ ತೆಗೆದು ನೋಡಿ: ಡೆಕ್ಸಾ "1-0-1" ಅಂತ ಇದ್ದರೆ ಎರಡನೇದನ್ನ ರಾತ್ರಿ ಊಟದ ಮೇಲೆ ಕೊಡ್ತಾ ಇರ್ತೀರಿ, ನಿದ್ದೆ ಹಾಳಾಗೋದು ಬಹಳ ಮನೆಗಳಲ್ಲಿ ಅಲ್ಲೇ. ಅದನ್ನ ಮಧ್ಯಾಹ್ನ 2ರೊಳಗೆ ಕೊಡಬಹುದಾ ಅಂತ ಡಾಕ್ಟರನ್ನ ಕೇಳಿ. ಯಾವತ್ತೂ ಹೊಟ್ಟೆಗೆ ಏನಾದರೂ ಹಾಕಿದ ಮೇಲೆ. ನೀವಾಗಿ ನಿಲ್ಲಿಸಬೇಡಿ, ವಾಂತಿ ಹಿಡಿತಕ್ಕೆ ಸಿಗಲ್ಲ. "ಈ ಎರಡು ದಿನ ಹೀಗೇ ಇರುತ್ತೆ, ಏಳನೇ ದಿನಕ್ಕೆ ಇಳಿಯುತ್ತೆ" ಅಂತ ಮೊದಲೇ ಹೇಳಿಟ್ಟರೆ ಅವರಿಗೂ ಅರ್ಧ ಧೈರ್ಯ.

ಚೀಟಿಯಲ್ಲಿ ಮೆಟೋಕ್ಲೋಪ್ರಮೈಡ್, ಅಂದರೆ ಪೆರಿನಾರ್ಮ್ ಅನ್ನೋ ವಾಂತಿ ಮಾತ್ರೆ ಇದೆಯಾ ಅಂತಲೂ ನೋಡಿ. ಕೆಲವರಿಗೆ ಅದರಿಂದ ಕೂತಲ್ಲಿ ಕೂರಕ್ಕಾಗಲ್ಲ, ಕಾಲು ಅಲ್ಲಾಡಿಸ್ತಾ ಮನೆಯೊಳಗೇ ಅತ್ತಿತ್ತ ಓಡಾಡ್ತಾರೆ. ಎಲ್ಲರೂ ಗಾಬರಿ ಅಂತ ತಿಳ್ಕೊಂಡು ಸಮಾಧಾನ ಹೇಳ್ತಾ ಕೂರ್ತಾರೆ. ಮಾತ್ರೆ ಬದಲಿಸಿದರೆ ಹೋಗೋ ತೊಂದರೆ ಅದು.

ಜ್ವರದ ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕಂದರೆ ರಾತ್ರಿ ಹೊತ್ತಿನ ಭಯಕ್ಕೆ ಅರ್ಧ ಕಾರಣ ಏನು ಮಾಡಬೇಕು ಅಂತ ಗೊತ್ತಿಲ್ಲದಿರೋದು. 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತೆ. ಡಿಜಿಟಲ್ ಥರ್ಮಾಮೀಟರ್‌ನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು, ನಡುರಾತ್ರಿಯಾದರೂ ಸರಿ. ಚಳಿ ನಡುಕ ಬಂದರೆ ಅಂಕಿ ಏನೇ ಇರಲಿ ಹೊರಡಿ. ಡೋಲೋ 650 ಕೊಟ್ಟು ಬೆಳಿಗ್ಗೆ ನೋಡೋಣ ಅನ್ನೋದೇ ಎಲ್ಲರೂ ಮಾಡೋ ತಪ್ಪು. ಜ್ವರ ಇಳಿದ ಹಾಗೆ ಕಾಣುತ್ತೆ, ಸೋಂಕು ಒಳಗೇ ಬೆಳೀತಾ ಇರುತ್ತೆ. ಕೀಮೋ ಚೀಟಿಯ ಜೆರಾಕ್ಸ್, ಹಾಕಿದ ತಾರೀಕು, ಡಾಕ್ಟರ್ ನಂಬರ್ ಒಂದು ಕವರ್‌ನಲ್ಲಿ ಬಾಗಿಲ ಹಿಂದೆ ತೂಗುಹಾಕಿ. ರಾತ್ರಿ ಯಾರ ಗಾಡಿ ಅಂತ ಈಗಲೇ ಮಾತಾಡಿಡಿ. ದೂರ ಆಗುತ್ತೆ ಅಂದರೆ ಹಾಸನದಲ್ಲೇ ಮೊದಲ ಆಂಟಿಬಯಾಟಿಕ್ ಹಾಕಿಸಿಕೊಂಡು ಮುಂದಿನದು ನೋಡಿ.

ಬಾಯಿ ಹುಣ್ಣು ಬಂದರೆ ಮಾತೂ ನಿಲ್ಲುತ್ತೆ, ಊಟವೂ ನಿಲ್ಲುತ್ತೆ, ನೋಡಿದವರಿಗೆ ಖಿನ್ನತೆ ಥರ ಕಾಣುತ್ತೆ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಉಪ್ಪು 1 ಟೀ ಚಮಚ, ಅಡುಗೆ ಸೋಡಾ 1 ಟೀ ಚಮಚ. ಊಟದ ನಂತರ ಮತ್ತು ಮಲಗೋ ಮುಂಚೆ, ಒಟ್ಟು ದಿನಕ್ಕೆ 4–6 ಸಲ ಬಾಯಿ ಮುಕ್ಕಳಿಸಿ ಉಗುಳಲಿ. ಅಂದಂದಿಗೆ ಹೊಸದು ಮಾಡಿ. ಅಂಗಡಿಯ ಉರಿಯೋ ಮೌತ್‌ವಾಶ್ ಬೇಡ. ವಾಂತಿ ನಿಲ್ಲಿಸೋ ಒಂಡಾನ್ಸೆಟ್ರಾನ್‌ನಿಂದ ಮಲಬದ್ಧತೆ ಆಗೋದು ಮಾಮೂಲು. ಎರಡು ದಿನ ಆಗದಿದ್ದರೆ ಸಿರಪ್ ಕೇಳಿ, ಆದರೆ ಕೌಂಟ್, ಅಂದರೆ ಬಿಳಿ ರಕ್ತಕಣದ ಸಂಖ್ಯೆ, ಕಡಿಮೆ ಇರುವಾಗ ಎನಿಮಾ ಕೊಡಿಸಲೇಬೇಡಿ.

ಮನೇಲಿ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದರೆ ಇವತ್ತೇ ಒಟ್ಟಿಗೆ ಸೇರಿಸಿ. ಕ್ಯಾನ್ಸರ್ ಅಂಟಲ್ಲ. ಎಚ್ಚರಿಕೆ ಬೇಕಾಗಿರೋದು ಕೀಮೋ ಆದ 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಹೊರಬರುವ ಔಷಧಿಗೆ. ಎರಡು ಸಲ ನೀರು ಹೊಯ್ಯಿರಿ, ಒರೆಸುವವರು ಗ್ಲೌಸ್ ಹಾಕಿಕೊಳ್ಳಲಿ, ಅಷ್ಟೇ. ಮೊದಲ ಒಂದೆರಡು ದಿನ ಮೂತ್ರ ಕೆಂಪಾಗಿದ್ದರೆ ಅದು ಔಷಧಿಯ ಬಣ್ಣ, ರಕ್ತ ಅಂತ ಹೆದರಬೇಡಿ. ನೆಗಡಿ ಇಲ್ಲದ ಮೊಮ್ಮಗು ತೊಡೆ ಮೇಲೆ ಕೂರಬಹುದು.

ಆಪ್ತಸಮಾಲೋಚಕಿ

ಸಿಸ್ಟರ್ ಹೇಳಿದ ಪುಸ್ತಕದ ಐದನೇ ಕಲಂ ನಮಗೆ ಬಹಳ ಉಪಯೋಗ. ಆಸ್ಪತ್ರೆಗಳಲ್ಲಿ ಇದೇ ಅಳತೆಯನ್ನ ವಾರಕ್ಕೊಮ್ಮೆ ಕೇಳ್ತಾರೆ: ಇವತ್ತೂ ಸೇರಿ ಕಳೆದ ವಾರ ಮನಸ್ಸಿನ ಸಂಕಟ 0ರಿಂದ 10ರಲ್ಲಿ ಎಷ್ಟು ಅಂತ. 4 ಅಥವಾ ಅದಕ್ಕಿಂತ ಮೇಲಿದ್ದರೆ ಯಾರಾದರೂ ಕೂತು ಮಾತಾಡಬೇಕು. ಕೀಮೋ ಆದ ಐದನೇ ದಿನ 7 ಇದ್ದು ಹತ್ತನೇ ದಿನಕ್ಕೆ 2ಕ್ಕೆ ಬಂದರೆ ನನಗೆ ಅಷ್ಟು ಚಿಂತೆ ಇಲ್ಲ. 18ನೇ ದಿನ, ಮೈ ಚೇತರಿಸಿಕೊಂಡಿರೋ ಹೊತ್ತಲ್ಲೂ 6 ಇದ್ದರೆ ಅದು ಮಾತ್ರೆಯ ಲೆಕ್ಕಕ್ಕೆ ಸೇರಲ್ಲ.

ರೋಗ ಇರೋವಾಗ ಖಿನ್ನತೆ ಗುರುತಿಸೋದು ಕಷ್ಟ, ಯಾಕಂದರೆ ಸುಸ್ತು, ಊಟ ಸೇರದಿರೋದು, ನಿದ್ದೆ ಇಲ್ಲದಿರೋದು ಕೀಮೋದಿಂದಲೂ ಬರುತ್ತೆ. ಅವನ್ನ ಬದಿಗಿಟ್ಟು ಬೇರೆ ನೋಡಿ. ಮೊದಲು ಇಷ್ಟಪಡ್ತಿದ್ದದ್ದು, ಧಾರಾವಾಹಿಯೋ, ಹೂವಿನ ಗಿಡವೋ, ತಂಗಿಯ ಫೋನೋ, ಮೈ ಚೆನ್ನಾಗಿರೋ ದಿನಗಳಲ್ಲೂ ಬೇಡ ಅಂತಾರಾ? "ನಾನು ನಿಮಗೆಲ್ಲ ಹೊರೆ", "ಯಾವ ಪಾಪಕ್ಕೆ ಈ ಶಿಕ್ಷೆ" ಅಂತ ಪದೇ ಪದೇ ಬರುತ್ತಾ? ಎರಡು ವಾರ ಹೆಚ್ಚಿನ ದಿನ ಹೀಗೇ ಇದ್ದರೆ ಮನೋವೈದ್ಯರಿಗೆ ತೋರಿಸಿ. "ಬದುಕೋದೇ ಬೇಡ ಅನ್ಸುತ್ತಾ ಅತ್ತೆ?" ಅಂತ ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆ ಡಬ್ಬ ನಿಮ್ಮ ಹತ್ತಿರ ಇರಲಿ, ಅವತ್ತೇ ಡಾಕ್ಟರಿಗೆ ತಿಳಿಸಿ.

ಆಟೋದಲ್ಲಿ ಬಂದ ಓಕರಿಕೆ ನಾಟಕ ಅಲ್ಲ, ಮನಸ್ಸು ದುರ್ಬಲ ಅಂತಲೂ ಅಲ್ಲ. ಮೊದಲ ಸಲದ ವಾಂತಿಯನ್ನ ಮೆದುಳು ಆ ರಸ್ತೆ, ಆ ಸ್ಪಿರಿಟ್ ವಾಸನೆಗೆ ಕಟ್ಟಿಹಾಕಿಬಿಟ್ಟಿದೆ. ಒಮ್ಮೆ ಬೇರು ಬಿಟ್ಟರೆ ವಾಂತಿ ಮಾತ್ರೆ ಇದಕ್ಕೆ ಅಷ್ಟಾಗಿ ನಾಟಲ್ಲ, ಆದ್ದರಿಂದ ಮೂರನೇ ಕೀಮೋಗೆ ಮುಂಚೆಯೇ ಹಿಡೀಬೇಕು. ಮೊದಲ ಕೆಲಸ, ಕೀಮೋ ಆದಮೇಲಿನ ವಾಂತಿ ಪೂರ್ತಿ ನಿಲ್ಲೋ ಹಾಗೆ ಔಷಧಿ ಸರಿ ಮಾಡಿಸೋದು. ಓಲಾಂಜಪೈನ್ ಬಿಟ್ಟಿದ್ದೇ ಇಲ್ಲಿ ಏಟು ಕೊಟ್ಟಿರಬಹುದು. ಹಿಂದಿನ ರಾತ್ರಿ ಮತ್ತು ಅವತ್ತು ಬೆಳಿಗ್ಗೆಗೆ ಗಾಬರಿ ಇಳಿಸೋ ಲೊರಾಜೆಪಾಮ್ ಸಣ್ಣ ಡೋಸ್ ಬೇಕಾ ಅಂತ ಡಾಕ್ಟರನ್ನ ಕೇಳಿ. ಸಾಧ್ಯವಾದರೆ ಬೇರೆ ದಾರಿ, ಬೇರೆ ಗೇಟು. ಕರ್ಚೀಫಿಗೆ ನಿಂಬೆಸಿಪ್ಪೆ ಉಜ್ಜಿ ಮೂಗಿನ ಹತ್ತಿರ. ಕೀಮೋ ದಿನ ಅವರಿಗೆ ಪ್ರಾಣವಾದ ತಿಂಡಿ ಮಾತ್ರ ಮಾಡಿಕೊಡಬೇಡಿ. ಪ್ರೀತಿಯಿಂದ ಅಕ್ಕಿರೊಟ್ಟಿ ಕಟ್ಟಿಕೊಂಡು ಹೋಗ್ತೀರಿ, ಅವತ್ತು ವಾಂತಿಯಾದರೆ ಆಮೇಲೆ ತಿಂಗಳುಗಟ್ಟಲೆ ಅಕ್ಕಿರೊಟ್ಟಿ ಕಂಡರೆ ಆಗಲ್ಲ. ಯಾವ ನೆನಪೂ ಇಲ್ಲದ ಬ್ರೆಡ್ಡೋ ಸಪ್ಪೆ ಗಂಜಿಯೋ ಸಾಕು.

ಸ್ನಾಯು ಸಡಿಲಿಸುವ ಅಭ್ಯಾಸ ಈಗಿಂದಲೇ ಮನೇಲಿ ದಿನಕ್ಕೆರಡು ಸಲ ಮಾಡಿಸಿ. ಕೀಮೋ ದಿನವೇ ಹೊಸದಾಗಿ ಕಲಿಸಿದರೆ ಕೆಲಸ ಮಾಡಲ್ಲ. ಒರಗಿ ಕೂತು ಪಾದದ ಬೆರಳು ಬಿಗಿ ಹಿಡಿದು 5 ಎಣಿಸಿ, ಬಿಟ್ಟು 15 ಎಣಿಸಿ. ಹಾಗೇ ಮೀನಖಂಡ, ತೊಡೆ, ಹೊಟ್ಟೆ, ಬಲಗೈ ಮುಷ್ಟಿ, ಭುಜ, ಮುಖ. ಆಪರೇಷನ್ ಆದ ಎಡಗೈ ಕಡೆ ಬಿಗಿ ಹಿಡಿಯೋದು ಬೇಡ. ಆಮೇಲೆ 4 ಎಣಿಸ್ತಾ ಉಸಿರು ಒಳಗೆ, 6 ಎಣಿಸ್ತಾ ಹೊರಗೆ, ಹತ್ತು ಸಲ. ತಲೆ ಸುತ್ತಿದರೆ ಜೋರಾಗಿ ಎಳೀತಿದ್ದಾರೆ ಅಂತ ಅರ್ಥ, ಮೆತ್ತಗೆ ಮಾಡಿಸಿ.

ಇನ್ನು ಮುಚ್ಚಿಡೋ ವಿಷಯ. ಕ್ಯಾನ್ಸರ್ ವಾರ್ಡಿನಲ್ಲಿ ನಾಲ್ಕು ಗಂಟೆ ಡ್ರಿಪ್ ಹಾಕಿಸಿಕೊಂಡು ಪಕ್ಕದ ಹಾಸಿಗೆಯವರ ಜೊತೆ ಮಾತಾಡಿ ಬಂದವರಿಗೆ ಗೊತ್ತಿರುತ್ತೆ. ನಿಮಗೆ ನೋವಾಗದಿರಲಿ ಅಂತ ಅವರು ಕೇಳಲ್ಲ, ಅವರಿಗೆ ನೋವಾಗದಿರಲಿ ಅಂತ ನೀವು ಹೇಳಲ್ಲ. ಗೋಡೆ ಕಡೆ ತಿರುಗಿ ಅಳೋದರಲ್ಲಿ ಇದರ ಪಾಲೂ ಇರಬಹುದು. ಹಾಗಂತ ಎದುರು ಕೂರಿಸಿ ಘೋಷಣೆ ಮಾಡೋದು ಬೇಡ. ಮೈ ಚೆನ್ನಾಗಿರೋ ದಿನ, 15ರ ಮೇಲೆ, ಅವರು ನಂಬೋ ಒಬ್ಬರೇ ಕೂತು ಮೊದಲು ಕೇಳಬೇಕು: "ಅತ್ತೆ, ಡಾಕ್ಟರ್ ಹೇಳಿದ್ದರಲ್ಲಿ ನಿಮಗೆ ಏನು ಅರ್ಥ ಆಗಿದೆ?" ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಮಾತು ತುಂಬಬೇಡಿ. "ಇನ್ನೂ ತಿಳ್ಕೋಬೇಕು ಅನ್ಸುತ್ತಾ, ಡಾಕ್ಟರ್ ಹತ್ರ ಒಟ್ಟಿಗೆ ಕೇಳೋಣ್ವಾ?" ಬೇಡ ಅಂದರೆ ಬೇಡ, ಅದೂ ಅವರ ಹಕ್ಕೇ. "ನನಗೆ ಕ್ಯಾನ್ಸರಾ?" ಅಂತ ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ. "ಹೌದು, ಗಡ್ಡೆ ಪೂರ್ತಿ ತೆಗೆದಿದ್ದಾರೆ, ಮತ್ತೆ ಬರೋ ಸಾಧ್ಯತೆ ಕಡಿಮೆ ಮಾಡೋಕೆ ಈ ಔಷಧಿ" ಅಂತ ಹೇಳಿದರೆ ಅವರ ಮಟ್ಟಿಗೆ ಅದು ನಿಜ. ಯಾವ ರಿಪೋರ್ಟಿಗೂ ಇಲ್ಲದ ಗ್ಯಾರಂಟಿ ಮಾತ್ರ ಸೇರಿಸಬೇಡಿ.

ಗಟ್ಟಿಮನಸ್ಸು

ಇಷ್ಟೆಲ್ಲ ಯಾಕೆ? ಪಾಸಿಟಿವ್ ಆಗಿರಿ ಅಂತ ಹೇಳಿ. ಮನಸ್ಸು ಗಟ್ಟಿ ಇದ್ದರೆ ಕ್ಯಾನ್ಸರ್ ಓಡಿ ಹೋಗುತ್ತೆ. ಪರಂಗಿ ಎಲೆ ರಸ, ಅಮೃತಬಳ್ಳಿ ಕಷಾಯ ಕೊಡಿ, ಕೌಂಟ್ ಏರುತ್ತೆ. ಮಲೆನಾಡು ಕಡೆ ತೊಗಟೆ ಔಷಧಿಯೂ ಕೊಡ್ತಾರಲ್ಲ.

ಫಾರ್ಮಸಿ ಭಟ್ಟ

ಸ್ವಾಮಿ, ಮನಸ್ಸು ಗಟ್ಟಿ ಇದ್ದರೆ ಗಡ್ಡೆ ಕರಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಹಾಗೆ ಹೇಳಿದಾಗ ಆಗೋದು ಒಂದೇ, ಅತ್ತರೆ ರೋಗ ಹೆಚ್ಚುತ್ತೆ ಅಂತ ಹೆದರಿ ಅವರು ಅಳೋದನ್ನೂ ಮುಚ್ಚಿಡ್ತಾರೆ.

ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಡಾಕ್ಸೊರುಬಿಸಿನ್ನೂ ಪ್ಯಾಕ್ಲಿಟ್ಯಾಕ್ಸೆಲ್ಲೂ ಹೊರಹೋಗೋದು ಲಿವರ್ ಮೂಲಕ. ಅದು ಕೆಟ್ಟರೆ ಕೀಮೋ ಮುಂದಕ್ಕೆ ಹೋಗುತ್ತೆ, ಇಲ್ಲ ಡೋಸ್ ಇಳಿಯುತ್ತೆ. ತೊಗಟೆ ಕಷಾಯದಲ್ಲಿ ಏನಿದೆ ಅಂತ ಲೇಬಲ್ ಇರಲ್ಲ. ಈಗಾಗಲೇ ಕೊಟ್ಟಿದ್ದರೆ ಬೈಸಿಕೊಳ್ಳೋ ಭಯಕ್ಕೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ಕೌಂಟ್ ಏರಿಸೋಕೆ ಇಂಜೆಕ್ಷನ್ ಬೇರೆ ಇದೆ, ಬೇಕಿದ್ದರೆ ಅವರೇ ಬರೀತಾರೆ.

ಓಲಾಂಜಪೈನ್ ಬಗ್ಗೆ: ಹೆಚ್ಚಿನ ಡೋಸಿನಲ್ಲಿ, ದೀರ್ಘಕಾಲ ಅದನ್ನ ಮನೋರೋಗಕ್ಕೆ ಕೊಡೋದು ನಿಜ. ಕೀಮೋದಲ್ಲಿ 2.5ರಿಂದ 10 ಮಿಲಿಗ್ರಾಂ, ರಾತ್ರಿ, ಸಾಮಾನ್ಯವಾಗಿ ಮೊದಲ ನಾಲ್ಕು ದಿನ ಮಾತ್ರ. ವಾಂತಿ ಹುಟ್ಟಿಸುವ ಹಲವು ಸಂಕೇತಗಳನ್ನ ಮೆದುಳಿನಲ್ಲಿ ಒಟ್ಟಿಗೇ ತಡೆಯುತ್ತೆ, ಹೊಟ್ಟೆ ತೊಳಸೋದಕ್ಕೆ ಇದರಷ್ಟು ಚೆನ್ನಾಗಿ ಕೆಲಸ ಮಾಡೋವು ಕಡಿಮೆ. ಜೊತೆಗೆ ನಿದ್ದೆ ಬರಿಸುತ್ತೆ, ಡೆಕ್ಸಾದಿಂದ ನಿದ್ದೆ ಕೆಟ್ಟವರಿಗೆ ಅದೂ ಲಾಭ. ಬೆಳಿಗ್ಗೆ ತೂಕಡಿಕೆ ಇದ್ದರೆ ಡೋಸ್ ಇಳಿಸೋಕೆ ಕೇಳಿ. ರಾತ್ರಿ ಬಚ್ಚಲಿಗೆ ಏಳುವಾಗ ಕೈ ಹಿಡಿಯಿರಿ, ತಲೆ ಸುತ್ತಿ ಬೀಳಬಹುದು. ಲೊರಾಜೆಪಾಮ್ ಕೂಡ ಸೇರಿದರೆ ಮಂಪರು ಇನ್ನೂ ಹೆಚ್ಚು, ಆದ್ದರಿಂದ ಎರಡನ್ನೂ ಬರೆಯುವವರು ಒಬ್ಬರೇ ಇರಲಿ.

ಮುಂದೆ ಮನೋವೈದ್ಯರು ಖಿನ್ನತೆಗೆ ಮಾತ್ರೆ ಬರೆದರೆ ಒಂದು ವಿಷಯ ಬಾಯಿಬಿಟ್ಟು ಹೇಳಿ: ಹಾರ್ಮೋನ್ ಪಾಸಿಟಿವ್, ಕೀಮೋ ಆದಮೇಲೆ ಹಾರ್ಮೋನ್ ಕೆಲಸ ತಡೆಯೋ ಟಾಮೋಕ್ಸಿಫೆನ್ ಮಾತ್ರೆ ಬರಬಹುದು ಅಂತ. ಪರಾಕ್ಸೆಟಿನ್, ಫ್ಲುಆಕ್ಸೆಟಿನ್‌ನಂಥವು ಟಾಮೋಕ್ಸಿಫೆನ್ ದೇಹದಲ್ಲಿ ಕೆಲಸದ ರೂಪಕ್ಕೆ ಬದಲಾಗೋದನ್ನೇ ತಡೆಯುತ್ತವೆ. ವೆನ್ಲಾಫ್ಯಾಕ್ಸಿನ್‌ಗೆ ಆ ತೊಂದರೆ ಇಲ್ಲ, ಮೈ ಬಿಸಿಯೇರಿ ಬೆವರೋದಕ್ಕೂ ಅದು ಸಹಾಯ. ಎಸಿಟಲೋಪ್ರಾಮ್ ಬರೆದರೆ ಒಂಡಾನ್ಸೆಟ್ರಾನ್ ಕೂಡ ಇರೋದರಿಂದ ಹೃದಯದ ಬಡಿತ ನೋಡೋ ಇಸಿಜಿ ಬೇಕಾ ಅಂತ ಕೇಳಿ. ಇವು ಹಿಡಿಯೋಕೆ ಎರಡರಿಂದ ನಾಲ್ಕು ವಾರ ಬೇಕು, ಐದು ದಿನ ನೋಡಿ ಬಿಡೋದಲ್ಲ.

ಹೇಮಾವತಿತೀರ

ಚೀಟಿ ನೋಡಿದೆ, ಡೆಕ್ಸಾ 1-0-1 ಅಂತಲೇ ಇದೆ. ಇನ್ನೊಂದು ಮಾತು. ಕೂದಲು ಅರ್ಧ ಉದುರಿದೆ, ಬೋಳಿಸೋದು ಬೇಡ ಅಂತ ಹಠ. ಮಾವ ಇದ್ದಾರಲ್ಲ, "ಮುತ್ತೈದೆ ತಲೆ ಬೋಳಿಸ್ತಾರಾ" ಅಂತ ಅತ್ತೆ ಕೇಳ್ತಾರೆ.

ಆಪ್ತಸಮಾಲೋಚಕಿ

ಈ ಮಾತನ್ನ ಹಗುರ ಮಾಡಬೇಡಿ. "ಕೂದಲು ತಾನೇ, ಬರುತ್ತೆ ಬಿಡಿ" ಅಂದರೆ ಅವರು ಹೇಳಿದ್ದನ್ನ ಕೇಳಿಸಿಕೊಂಡ ಹಾಗಾಗಲ್ಲ. ನಮ್ಮಲ್ಲಿ ಬೋಳುತಲೆಗೆ ಅಂಟಿರೋ ಹಳೇ ಅರ್ಥ ಅವರ ತಲೆಮಾರಿಗೆ ಇನ್ನೂ ಹಸಿ. ಇಂಥ ಕಡೆ ಮಾವನವರ ಒಂದು ಮಾತು ನಮ್ಮ ಹತ್ತು ಮಾತಿಗೆ ಸಮ, ಅವರಿಂದಲೇ ಹೇಳಿಸಿ. ಕೆಲವು ಮನೆಗಳಲ್ಲಿ ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿ ಹರಕೆ ಅಂತ ಅಂದುಕೊಂಡು ಮನೆಯಲ್ಲೇ ತೆಗೆಸಿ, ಕೂದಲನ್ನ ಹರಕೆಗೆ ಎತ್ತಿಡ್ತಾರೆ. ಅವರಿಗೆ ಒಪ್ಪಿಗೆಯಾದರೆ ಅದೂ ಒಂದು ದಾರಿ. ಕೌಂಟ್ ಇಳಿದಿರುವಾಗ ಕ್ಷೇತ್ರದ ಜನಜಂಗುಳಿಗೆ ಮಾತ್ರ ಕರೆದುಕೊಂಡು ಹೋಗಬೇಡಿ. ಬೋಳಿಸೋದು ಬೇಡವೇ ಬೇಡ ಅಂದರೆ ಅರ್ಧ ಇಂಚಿಗೆ ಕತ್ತರಿಸಿ. ಎಳೆತದ ನೋವೂ ಕಡಿಮೆ, ದಿಂಬಿನ ಮೇಲೆ ಕಂತೆ ಕಂತೆ ಬೀಳೋದನ್ನ ನೋಡೋ ಸಂಕಟವೂ ಕಡಿಮೆ.

ಡೇಕೇರ್ ಸಿಸ್ಟರ್

ಯಾವುದಾದರೂ ಸರಿ, ಟ್ರಿಮ್ಮರ್ ಬಳಸಿ, ರೇಜರ್ ಬೇಡ. ಕೌಂಟ್ ಕಡಿಮೆ ಇರುವಾಗ ಒಂದು ಸಣ್ಣ ಗೀರಿಂದಲೂ ಸೋಂಕು ಬರಬಹುದು. ನೆತ್ತಿಗೆ ತೆಂಗಿನೆಣ್ಣೆ ತೆಳ್ಳಗೆ ಹಚ್ಚಬಹುದು. ಹತ್ತಿ ಸೀರೆಯ ಹಳೇ ತುಂಡು ಕಟ್ಟಿದರೆ ಸಿಂಥೆಟಿಕ್ ಸ್ಕಾರ್ಫಿನ ಹಾಗೆ ಜಾರಲ್ಲ, ಕೆರೆಯಲ್ಲ. ಅಂಟಿನ ಬಿಂದಿ ಇಟ್ಟಲ್ಲಿ ಚರ್ಮ ಕೆಂಪಾದರೆ ಕುಂಕುಮ ಇಟ್ಟುಕೊಳ್ಳಲಿ. ಹುಬ್ಬು ರೆಪ್ಪೆಯೂ ಉದುರಬಹುದು ಅಂತ ಮೊದಲೇ ಹೇಳಿಡಿ, ಅದನ್ನ ಯಾರೂ ಹೇಳಿರಲ್ಲ.

ಆಸ್ಪತ್ರೆ ಸಮಾಜಕಾರ್ಯಕರ್ತ

ಹಾಸನದ ಕಡೆ ಯಾರು ಅಂತ ಕೇಳಿದ್ದಿರಿ. ಮೊದಲು ಕೀಮೋ ಹಾಕೋ ಆಸ್ಪತ್ರೆಯಲ್ಲೇ ಕೇಳಿ. ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಸಂಸ್ಥೆಗಳಲ್ಲಿ ಉಪಶಮನ ಚಿಕಿತ್ಸೆ ವಿಭಾಗ ಇದೆ. ಹೆಸರು ಕೇಳಿ "ಕೊನೇ ಹಂತದವರಿಗೆ" ಅಂತ ಹೆದರಬೇಡಿ. ನೋವು, ವಾಂತಿ, ನಿದ್ದೆ, ಭಯ ನೋಡೋದು ಅವರ ಕೆಲಸ, ಚಿಕಿತ್ಸೆ ನಡೆಯುವಾಗಲೂ. ಹಾಸನದಲ್ಲಿ ಹಿಮ್ಸ್, ಅಂದರೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ಬರ್ತಾರೆ, ಹೋಗೋ ಮುಂಚೆ ದಿನ ಕೇಳಿಕೊಳ್ಳಿ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಇಪ್ಪತ್ತನಾಲ್ಕು ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ಫೋನ್ ಮಾಡಬಹುದು, ಅಂದರೆ ನೀವೂ.

ಓಡಾಟದ ಖರ್ಚಿಗೆ: ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸೆಕೆಂಡ್ ಕ್ಲಾಸ್ ಮತ್ತು ಎಸಿ ಚೇರ್ ಕಾರ್‌ನಲ್ಲಿ 75% ರಿಯಾಯಿತಿ, ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ 100%. ಜೊತೆಗೆ ಹೋಗೋ ಒಬ್ಬರಿಗೂ 75% ಸಿಗುತ್ತೆ. ಆಸ್ಪತ್ರೆಯಿಂದ ರೈಲ್ವೆಯದೇ ನಮೂನೆಯಲ್ಲಿ ಸರ್ಟಿಫಿಕೇಟ್ ಬರೆಸಬೇಕು, ಸಾದಾ ಲೆಟರ್‌ಹೆಡ್ಡಿನ ಪತ್ರ ತಂದರೆ ಕೌಂಟರ್‌ನಲ್ಲಿ ವಾಪಸ್ ಕಳಿಸ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. "ನನ್ನಿಂದ ಮನೆ ಮುಳುಗ್ತಿದೆ" ಅಂತ ಅವರು ಅಳ್ತಿದ್ದರೆ ಈ ಲೆಕ್ಕ ಅವರೆದುರೇ ಕೂತು ಮಾಡಿ.

ಮನೇಲಿ ಕೆಲಸ ಹಂಚಿಕೊಳ್ಳಿ. ಮಾತ್ರೆ ಡಬ್ಬ ಒಬ್ಬರು, ಆಸ್ಪತ್ರೆ ಓಡಾಟ ಇನ್ನೊಬ್ಬರು, ನೆಂಟರ ಫೋನ್ ಮೂರನೆಯವರು. ಆ ಮೂರನೇ ಕೆಲಸಕ್ಕೆ ಮೊಬೈಲಲ್ಲಿ ಮಾತ್ರೆ ಹುಡುಕಿದ ನಿಮ್ಮ ಮೈದುನನೇ ಸರಿ.

ಹೇಮಾವತಿತೀರ

ಅವನಿಗೆ ಇವತ್ತೇ ಹೊರಿಸ್ತೀನಿ! ಕೊನೇದಾಗಿ, ವಾರದ ಕೀಮೋ ಶುರುವಾದ ಮೇಲೂ ಇದೇ ಲೆಕ್ಕ ನಡೆಯುತ್ತಾ?

ಡೇಕೇರ್ ಸಿಸ್ಟರ್

ಇಲ್ಲ, ಹೊಸ ಪುಟ ಹಾಕಿ, 1ರಿಂದ 7. ವಾಂತಿ ಬಹಳ ಕಡಿಮೆ ಇರುತ್ತೆ. ಆದರೆ ಅಲರ್ಜಿ ತಡೆಯೋಕೆ ಪ್ರತಿ ವಾರ ಸ್ಟೆರಾಯ್ಡ್ ಇರೋದರಿಂದ ಅವತ್ತಿನ ರಾತ್ರಿ ನಿದ್ದೆ ಕೆಡಬಹುದು, ಎರಡು ಮೂರು ದಿನದ ಮೇಲೆ ಕುಸಿತ ಬರಬಹುದು. ವಾರ ಕಳೆದಂತೆ ಸುಸ್ತು ಸೇರಿಕೊಳ್ತಾ ಹೋಗುತ್ತೆ. ಇಡೀ ದಿನ ಮಲಗಿಸಿದರೆ ಅದು ಹೆಚ್ಚುತ್ತೆ. ಅಂಗಳದಲ್ಲಿ 10 ನಿಮಿಷದ ನಡಿಗೆ ದಿನಕ್ಕೆರಡು ಸಲದಿಂದ ಶುರು ಮಾಡಿ, ಆದಷ್ಟು ಏರಿಸಿ. ಹಗಲು ನಿದ್ದೆ ಅರ್ಧ ಗಂಟೆ ಮೀರದಿರಲಿ, ಮಧ್ಯಾಹ್ನ 3ರ ಮೇಲೆ ಬೇಡ. ಜ್ವರ ಇದ್ದ ದಿನ, ಹಿಮೋಗ್ಲೋಬಿನ್ ತೀರಾ ಇಳಿದಿದೆ ಅಂದ ದಿನ ನಡಿಗೆ ಬಿಡಿ.

ಪ್ಯಾಕ್ಲಿಟ್ಯಾಕ್ಸೆಲ್‌ಗೆ ಆರನೇ ಕಲಂ ಸೇರಿಸಿ: ಕೈಕಾಲು ಬೆರಳು ಜುಮುಗುಡುತ್ತಾ. ರವಿಕೆ ಹುಕ್ ಹಾಕೋಕೆ ತಡವರಿಸಿದರೆ, ಹವಾಯಿ ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗದಿದ್ದರೆ ಮುಂದಿನ ಡೋಸ್ ಹಾಕೋ ಮುಂಚೆ ಡಾಕ್ಟರಿಗೆ ಹೇಳಿ, ಡೋಸ್ ಇಳಿಸಬೇಕಾಗಬಹುದು. ಕೀಮೋ ನಿಲ್ಲಿಸಿಬಿಡ್ತಾರೆ ಅಂತ ಬಹಳ ಜನ ಇದನ್ನ ಮುಚ್ಚಿಡ್ತಾರೆ, ಆಮೇಲೆ ಅದು ವರ್ಷಗಟ್ಟಲೆ ಉಳಿದುಬಿಡಬಹುದು. ಒಲೆ ಮೇಲಿನ ಪಾತ್ರೆಯನ್ನ ಇಕ್ಕಳದಲ್ಲೇ ಹಿಡಿಯಲಿ, ಸುಟ್ಟರೂ ತಿಳಿಯಲ್ಲ. ಸ್ನಾನದ ನೀರಿನ ಬಿಸಿಯನ್ನ ನೀವು ಮುಟ್ಟಿ ನೋಡಿ ಕೊಡಿ.